ಸರ್ಕಾರಗಳ ಹ್ಯಾಕಿಂಗ್ ಸಲಕರಣೆ ಕಳ್ಳರ ಕೈಗೆ ಸಿಕ್ಕರೆ ನನ್ನ ಹಳೆಯ ಫೋನಿಗೆ ಏನು ಅಪಾಯ?

ಪ್ರಶ್ನೆ (ನಿವೃತ್ತ ಶಿಕ್ಷಕಿ, ಸಾಗರ)
ಮಗಳು ಬಳಸಿ ಕೊಟ್ಟ ಐಫೋನ್ 8 ನನ್ನದು. ಆವೃತ್ತಿ 16.3 ಎಂದು ತೋರಿಸುತ್ತದೆ. ಸರ್ಕಾರಗಳಿಗೆಂದು ತಯಾರಿಸಿದ ಹ್ಯಾಕಿಂಗ್ ತಂತ್ರಾಂಶಗಳು ಬೇರೆಯವರ ಕೈಸೇರುತ್ತಿವೆ ಎಂದು ಓದಿದೆ. ನಾನು ಮಂತ್ರಿಯಲ್ಲ, ಪತ್ರಕರ್ತೆಯಲ್ಲ. ಫೋನಿನಲ್ಲಿರುವುದು ಪಿಂಚಣಿಯ ಖಾತೆ, ಮೊಮ್ಮಕ್ಕಳ ಫೋಟೊಗಳು. ಹೊಸ ಫೋನ್ ಕೊಳ್ಳಲೇಬೇಕೆ?

ಉತ್ತರ 1
ನಮ್ಮಂಥವರ ಮೇಲೆ ಯಾರೂ ಕೋಟಿಗಟ್ಟಲೆ ಸುರಿಯುವುದಿಲ್ಲ ಮೇಡಂ. ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಅಷ್ಟು ಸಾಕು.

ಉತ್ತರ 2 (ಮೊಬೈಲ್ ಭದ್ರತೆಯ ಕೆಲಸ, ಬೆಂಗಳೂರು)
ಸಾಕಾಗುವುದಿಲ್ಲ. ಮಂಗೋಲಿಯಾದಲ್ಲಿ ಏನಾಯಿತು ನೋಡಿ. 2023ರ ನವೆಂಬರ್‌ನಿಂದ 2024ರ ಜುಲೈವರೆಗೆ ಅಲ್ಲಿನ ಸಚಿವ ಸಂಪುಟ ಮತ್ತು ವಿದೇಶಾಂಗ ಸಚಿವಾಲಯದ ಜಾಲತಾಣಗಳಲ್ಲಿ ಯಾರೋ ದಾಳಿಯ ಕೋಡ್ ಅಡಗಿಸಿಟ್ಟಿದ್ದರು. ಜನ ತೆರೆದದ್ದು ತಮ್ಮದೇ ಸರ್ಕಾರದ ಪುಟವನ್ನು! ಅಪರಿಚಿತ ಲಿಂಕ್ ಅಲ್ಲವೇ ಅಲ್ಲ. ಇದರ ಹಿಂದೆ ರಷ್ಯಾ ಸರ್ಕಾರದ ಬೆಂಬಲವಿರುವ ಎಪಿಟಿ29 ಎಂಬ ಹ್ಯಾಕರ್ ತಂಡವಿರಬಹುದು ಎಂದು ಗೂಗಲ್ ಅಂದಾಜಿಸಿತು. ಬಳಸಿದ್ದ ದಾಳಿಯ ಕೋಡ್, ಸರ್ಕಾರಗಳಿಗೆ ಬೇಹುಗಾರಿಕೆ ತಂತ್ರಾಂಶ ಮಾರುವ ಇಂಟೆಲೆಕ್ಸಾ ಮತ್ತು ಎನ್‌ಎಸ್‌ಒ ಕಂಪನಿಗಳ ಕೋಡ್‌ನಂತೆಯೇ ಇತ್ತು.

ಮೇಡಂ, ನೀವು ಗಮನಿಸಬೇಕಾದ್ದು ಇದು: ಆ ಕೋಡ್ ಒಳನುಗ್ಗುತ್ತಿದ್ದ ರಂಧ್ರಗಳನ್ನು, ಅಂದರೆ ತಂತ್ರಾಂಶದ ದೋಷಗಳನ್ನು, ಆಪಲ್ ಮತ್ತು ಗೂಗಲ್ ಆಗಲೇ ಮುಚ್ಚಿದ್ದವು. ದಾಳಿಗೆ ಸಿಕ್ಕುತ್ತಿದ್ದವರು ಅಪ್‌ಡೇಟ್ ಮಾಡದವರು. ಐಫೋನ್‌ಗಳ ಪೈಕಿ 16.6.1ಕ್ಕಿಂತ ಹಳೆಯ ಆವೃತ್ತಿಯವು ಗುರಿಯಾಗಿದ್ದವು, ನಿಮ್ಮದು 16.3. ಹೊಸ ಫೋನ್ ಈಗಲೇ ಬೇಡ. ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಸಾಫ್ಟ್‌ವೇರ್ ಅಪ್‌ಡೇಟ್. ಐಫೋನ್ 8ಕ್ಕೆ 16.7ರ ಸಾಲು ಸಿಗುತ್ತದೆ. ಇವತ್ತೇ ಮಾಡಿ. ಅದರ ಮುಂದಿನ ಐಒಎಸ್ 17 (ಐಒಎಸ್ ಎಂದರೆ ಐಫೋನ್ ನಡೆಸುವ ಮೂಲ ತಂತ್ರಾಂಶ) ಆ ಫೋನಿಗೆ ಬರುವುದಿಲ್ಲ, ಆದ್ದರಿಂದ ಪಿಂಚಣಿಯ ವ್ಯವಹಾರವನ್ನು ಕ್ರಮೇಣ ಬೇರೆ ಫೋನಿಗೆ ಸಾಗಿಸುವುದು ಒಳ್ಳೆಯದು.

ಉತ್ತರ 3 (ನಿವೃತ್ತ ಪೊಲೀಸ್ ಅಧಿಕಾರಿ)
ಅಪಹರಣದ ತನಿಖೆಯಲ್ಲಿ ಫೋನ್ ತೆರೆಯಲಾಗದೆ ಕುಳಿತವರ ಸಂಕಟ ನನಗೆ ಗೊತ್ತು. ಪೊಲೀಸರಿಗೆ ಇಂಥ ಸಲಕರಣೆ ಬೇಕೇ ಬೇಕು. ಬಿಗಿಯಾದ ಕಾವಲಿನಲ್ಲಿಟ್ಟರಾಯಿತು.

ಉತ್ತರ 4 (ಬೆಂಗಳೂರಿನವರೇ ಮತ್ತೆ)
ಸರ್, ನಿಮ್ಮ ಸಂಕಟವನ್ನು ಅಲ್ಲಗಳೆಯುವುದಿಲ್ಲ. ಆದರೆ ಕಾವಲುಗಾರನೇ ಮಾರಿದರೆ? ಅಮೆರಿಕ ಸರ್ಕಾರ ಮತ್ತು ಅದರ ಆಯ್ದ ಮಿತ್ರರಾಷ್ಟ್ರಗಳಿಗಷ್ಟೇ ಮಾರಬೇಕಿದ್ದ ಸೈಬರ್ ದಾಳಿಯ ಕನಿಷ್ಠ 8 ಘಟಕಗಳನ್ನು ಪೀಟರ್ ವಿಲಿಯಮ್ಸ್ ಎಂಬಾತ ರಷ್ಯಾದ ದಲ್ಲಾಳಿಗೆ ಮಾರಿದ. ಆತ ಅಮೆರಿಕದ ರಕ್ಷಣಾ ಕಂಪನಿ ಎಲ್3ಹ್ಯಾರಿಸ್‌ನಲ್ಲಿ ಇಂಥ ಸಲಕರಣೆ ತಯಾರಿಸುವ ಟ್ರೆಂಚಂಟ್ ವಿಭಾಗದ ಜನರಲ್ ಮ್ಯಾನೇಜರ್ ಆಗಿದ್ದವನು. 2025ರ ಅಕ್ಟೋಬರ್‌ನಲ್ಲಿ ತಪ್ಪೊಪ್ಪಿಕೊಂಡ. ಅದಕ್ಕೂ ಮೊದಲು, 2018ರಲ್ಲಿ, ಎನ್‌ಎಸ್‌ಒದ ಬೇಹುಗಾರಿಕೆ ತಂತ್ರಾಂಶ ಪೆಗಾಸಸ್‌ನ ಕೋಡ್ ಕದ್ದು 5 ಕೋಟಿ ಡಾಲರ್‌ಗೆ ಮಾರಲು ಯತ್ನಿಸಿದ ಆರೋಪ ಆ ಕಂಪನಿಯ ಸಿಬ್ಬಂದಿಯೊಬ್ಬನ ಮೇಲೆ ಬಂದಿತ್ತು.

ಅಪಹರಣಕಾರನ ಫೋನಿನಲ್ಲಿರುವ ರಂಧ್ರವೇ ಈ ಮೇಡಂ ಫೋನಿನಲ್ಲೂ ಇರುತ್ತದೆ. ಸರ್ಕಾರ ಅದನ್ನು ಬಚ್ಚಿಟ್ಟುಕೊಂಡರೆ ಇಬ್ಬರಿಗೂ ಪ್ಯಾಚ್, ಅಂದರೆ ಅದನ್ನು ಮುಚ್ಚುವ ಅಪ್‌ಡೇಟ್, ಸಿಗುವುದಿಲ್ಲ. ಕಂಡ ರಂಧ್ರವನ್ನು ಫೋನ್ ತಯಾರಕರಿಗೆ ತಿಳಿಸಲು ಕಾನೂನಿನಲ್ಲೇ ಗಡುವು ಇರಬೇಕು.