7 ಅಡಿಯ ಟ್ವಿನ್ ಫಿನ್ ಸರ್ಫಿಂಗ್ ಬೋರ್ಡ್ ಮುಲ್ಕಿ ಕಡೆಯ ಅಲೆಗೆ ಹೊಂದುತ್ತಾ?

ಕುಂದವಾಡ ಕೆರೆ ದಂಡೆ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನನ್ನೂರು ದಾವಣಗೆರೆ. ಎರಡು ದಿನ ರಜೆ ಒಟ್ಟಿಗೆ ಸಿಕ್ಕರೆ ಶಿವಮೊಗ್ಗ, ತೀರ್ಥಹಳ್ಳಿ ದಾಟಿ, ಆಗುಂಬೆ ಇಳಿದು ಸರ್ಫಿಂಗ್ ಮಾಡಲು ಮುಲ್ಕಿಗೆ ಹೋಗುತ್ತೇನೆ. ಇಲ್ಲಿವರೆಗೂ ಬಾಡಿಗೆಯ, ಮೇಲ್ಭಾಗ ಮೆತ್ತಗಿರೋ 8 ಅಡಿ ಸಾಫ್ಟ್ ಟಾಪ್‌ನಲ್ಲೇ ಕಲಿತದ್ದು. ನೊರೆ ಬಿಟ್ಟು ಇನ್ನೂ ಒಡೆಯದ ಅಲೆ ಹಿಡಿಯುತ್ತೇನೆ, ಎಡಕ್ಕೂ ಬಲಕ್ಕೂ ಅಲೆಯ ಉದ್ದಕ್ಕೆ ಹೋಗುತ್ತೇನೆ, ಆದರೆ ತಿರುಗಿಸೋದು ಮಾತ್ರ ಇನ್ನೂ ನಿಧಾನ. ಈಗ ಸ್ವಂತ ಬೋರ್ಡ್ ತಗೊಳ್ಳೋ ಆಸೆ. ನನ್ನ ತೂಕ 72 ಕೆ.ಜಿ.

ಮಂಗಳೂರಲ್ಲಿ ಎರಡು ಸೆಕೆಂಡ್ ಹ್ಯಾಂಡ್ ಬೋರ್ಡ್ ಇವೆ. ಒಂದು 7 ಅಡಿಯ ಟ್ವಿನ್ ಫಿನ್, ಅಂದರೆ ತಳದ ಹಿಂಭಾಗದಲ್ಲಿ ಮೀನಿನ ರೆಕ್ಕೆಯಂಥ ಎರಡು ಫಿನ್ ಇರೋದು, 21 ಇಂಚು ಅಗಲ, ಗಾತ್ರ 44 ಲೀಟರ್. ಇನ್ನೊಂದು 7 ಅಡಿ 2 ಇಂಚಿನದು, ನಡುವೆ ಒಂದು ದೊಡ್ಡ ಫಿನ್, ಅಕ್ಕಪಕ್ಕ ಎರಡು ಚಿಕ್ಕವು. ಸರ್ಫರ್ ಟೊರೆನ್ ಮಾರ್ಟಿನ್ ಉದ್ದದ ಟ್ವಿನ್ ಫಿನ್‌ಗಳಲ್ಲಿ ಹೋಗೋದು ವಿಡಿಯೊಗಳಲ್ಲಿ ನೋಡಿ ನೋಡಿ ನನಗೆ ಮನಸ್ಸು ಅದರ ಕಡೆಗೇ ಇದೆ. ಆದರೆ ನಮ್ಮ ಕರಾವಳಿಯಲ್ಲಿ ಒಂದು ದಿನ ಅಲೆ ಮೊಣಕಾಲಿಗೆ, ಇನ್ನೊಂದು ದಿನ ತಲೆ ಮಟ್ಟಕ್ಕೆ, ಮಧ್ಯಾಹ್ನವಾದರೆ ಗಾಳಿ. ಎಲ್ಲದಕ್ಕೂ ಒಂದೇ ಬೋರ್ಡ್ ಸಾಕಾಗುತ್ತಾ? ಎರಡು ಬೋರ್ಡ್ ಇಟ್ಟುಕೊಳ್ಳೋ ಶಕ್ತಿ ನನಗಿಲ್ಲ.

ದುರ್ಗದ ಗಾಳಿ, ಚಿತ್ರದುರ್ಗ:

ಟ್ವಿನ್ ತಗೊಳ್ಳಿ ಸರ್. 72 ಕೆ.ಜಿ.ಗೆ 44 ಲೀಟರ್ ಸರಿಯಾಗಿದೆ, ಪ್ಯಾಡಲ್ ಮಾಡಲು, ಅಂದರೆ ಬೋರ್ಡ್ ಮೇಲೆ ಮಲಗಿ ಕೈಯಿಂದ ನೀರು ತಳ್ಳಲು, ಸುಲಭ. ನಮ್ಮಂಥ ಒಳನಾಡಿನವರಿಗೆ ದಿನಾ ಕಡಲು ಸಿಗಲ್ಲ, ಭುಜಕ್ಕೆ ಆ ಅಭ್ಯಾಸ ಇರಲ್ಲ, ಹಾಗಾಗಿ ಲೀಟರ್ ವಿಷಯದಲ್ಲಿ ಜಿಪುಣತನ ಬೇಡ.

ನಡುವೆ ಫಿನ್ ಇಲ್ಲದಿದ್ದರೆ ನೀರಿನ ಎಳೆತ ಕಡಿಮೆ. ಬಲವಿಲ್ಲದ ಅಲೆಯಲ್ಲೂ ಬೋರ್ಡ್ ತಾನಾಗಿ ಓಡುತ್ತೆ, ಮೇಲೆ ಕೆಳಗೆ ಕುಣಿಸಿ ವೇಗ ಮಾಡಬೇಕಾಗಿಲ್ಲ. ಸೊಂಟದ ಮಟ್ಟದ ಅಲೆ, ಅಲ್ಲಲ್ಲಿ ಸಪ್ಪೆಯಾಗೋ ಅಲೆ, ಇಂಥದ್ದರಲ್ಲೇ ಟ್ವಿನ್‌ನ ಬೆಲೆ ಗೊತ್ತಾಗೋದು. ಬೇರೆ ಬೋರ್ಡ್ ನಿಂತುಹೋಗೋ ಜಾಗವನ್ನು ಇದು ದಾಟಿಸಿಬಿಡುತ್ತೆ.

ತಿರುಗಿಸೋ ರೀತಿ ಬೇರೆ. ಹಿಂಗಾಲಿನಿಂದ ಟೇಲ್ (ಬೋರ್ಡಿನ ಹಿಂತುದಿ) ಒತ್ತಿದರೆ ಜಾರುತ್ತೆ. ರೈಲ್ ಮೇಲೆ ಭಾರ ಹಾಕಬೇಕು, ಅಂದರೆ ಬೋರ್ಡಿನ ಅಂಚನ್ನೇ ನೀರಿಗೆ ಇಳಿಸಬೇಕು. ಆಗುಂಬೆ ತಿರುವಿನಲ್ಲಿ ಬೈಕಿನ ಹ್ಯಾಂಡಲ್ ಎಳೆಯದೆ ಮೈಯನ್ನೇ ವಾಲಿಸುತ್ತೀರಲ್ಲ, ಹಾಗೆ. ಮೊಣಕಾಲು ಬಗ್ಗಿಸಿ, ಹೋಗಬೇಕಾದ ಕಡೆ ಮೊದಲು ಕಣ್ಣು, ಆಮೇಲೆ ಭುಜ. ತಿರುವು ದೊಡ್ಡದಾಗಿಯೇ ಇರಲಿ. 7 ಅಡಿ ಬೋರ್ಡನ್ನು ಗಕ್ಕನೆ ತಿರುಗಿಸೋಕೆ ಹೋದರೆ ವೇಗವೂ ಹೋಗುತ್ತೆ, ಅಲೆಯೂ ಹೋಗುತ್ತೆ.

ಹರಿಹರದ ಹೊಳೆ:

ಒಂದು ಸೀಸನ್ ತಡೆಯಿರಿ ಅಂತ ನನ್ನ ಅಭಿಪ್ರಾಯ. ಟ್ವಿನ್ ಕೆಟ್ಟದ್ದು ಅಂತಲ್ಲ. ಅಲೆ ಕಡಿದಾದಾಗ ಅದು ಕೈಕೊಡುತ್ತೆ. ಇದು ಹೊಸ ದೂರೇನೂ ಅಲ್ಲ. ಮಾರ್ಕ್ ರಿಚರ್ಡ್ಸ್ 1979ರಿಂದ 1982ರವರೆಗೆ ಸತತ ನಾಲ್ಕು ಸಲ ವಿಶ್ವ ಚಾಂಪಿಯನ್ ಆಗಿದ್ದು ಟ್ವಿನ್ ಫಿನ್‌ನಲ್ಲೇ, ನಿಜ. ಆದರೆ ಅದೇ ಕಾಲದಲ್ಲಿ ಸರ್ಫರ್ ಸೈಮನ್ ಆಂಡರ್ಸನ್ ಅವರಿಗೆ ಟ್ವಿನ್ ದೊಡ್ಡ ಅಲೆಯಲ್ಲಿ ಜಾರುತ್ತೆ ಅನ್ನೋದು ಸಮಸ್ಯೆಯಾಗಿತ್ತು. ಅದಕ್ಕೇ ಮೂರನೇ ಫಿನ್ ಸೇರಿಸಿದರು. 1981ರಲ್ಲಿ ಆಸ್ಟ್ರೇಲಿಯಾದ ಬೆಲ್ಸ್ ಬೀಚಿನ ದೊಡ್ಡ ಅಲೆಯಲ್ಲಿ ಅದೇ ಬೋರ್ಡಲ್ಲಿ ಗೆದ್ದರು, ಆಮೇಲೆ ಇಡೀ ಲೋಕವೇ ಮೂರು ಫಿನ್‌ಗೆ ಹೋಯಿತು.

ಇನ್ನೊಂದು ಮಾತು. ಟೊರೆನ್ ಮಾರ್ಟಿನ್ ಅವರ ಆ ವಿಡಿಯೊಗಳಲ್ಲಿ ಹೆಚ್ಚಾಗಿ ಇರೋದು ಪಾಯಿಂಟ್ ಬ್ರೇಕ್, ಕಲ್ಲಿನ ಮೂಲೆ ಹಿಡಿದು ಉದ್ದಕ್ಕೆ ಒಡೆಯುತ್ತಾ ಹೋಗೋ ಅಲೆ. ಉದ್ದದ ಟ್ವಿನ್‌ಗೆ ಅಂಥ ಜಾಗ ಸಿಕ್ಕರೆ ಅದರ ಚಂದವೇ ಬೇರೆ. ನಮ್ಮದು ಮರಳಿನ ದಂಡೆ. ಅಲೆ ಗಿಡ್ಡ, ಎಷ್ಟೋ ಸಲ ಉದ್ದಕ್ಕೂ ಒಟ್ಟಿಗೇ ಮುಚ್ಚಿಕೊಳ್ಳುತ್ತೆ. ಅಲ್ಲಿ ನಡುಫಿನ್ ಇರೋ ಬೋರ್ಡ್ ನಂಬಿಕೆ ಕೊಡುತ್ತೆ, ಇಳಿಯುವಾಗ ಹಿಂಭಾಗ ಹಿಡಿದು ನಿಲ್ಲುತ್ತೆ.

ಜಗಳೂರಿನವಳು, ಈಗ ಮಂಗಳೂರು:

ಇಬ್ಬರೂ ಹೇಳಿದ್ದು ಸರಿ, ಆದರೆ ಯಾವ ಅಲೆಗೆ ಅನ್ನೋದು ಮೊದಲು ನೋಡಬೇಕಲ್ವಾ? ನಾನು ಇಲ್ಲೇ ಇರೋದರಿಂದ ಎಲ್ಲ ಋತುವಿನಲ್ಲೂ ನೀರಿಗೆ ಇಳಿಯುತ್ತೇನೆ. ಮಳೆಗಾಲ ಬಿಟ್ಟುಬಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ, ಕಡಲು ಹುಚ್ಚೆದ್ದಿರುತ್ತೆ, ಅದು ಇಂಥ ಮಿಡ್ ಲೆಂತ್ (ಮಧ್ಯಮ ಉದ್ದದ) ಬೋರ್ಡ್ ಹಿಡಿದು ಬರೋ ಸಮಯ ಅಲ್ಲ. ಮಳೆ ಇಳಿದ ಮೇಲೆ ಡಿಸೆಂಬರ್‌ವರೆಗೆ, ಮತ್ತೆ ಬೇಸಿಗೆಯಲ್ಲಿ, ಈ ಎರಡು ಕಾಲಕ್ಕೆ ಬೋರ್ಡ್ ಆರಿಸಿ.

ದಾವಣಗೆರೆಯಿಂದ ಹೊರಡೋ ಮೊದಲು ಅಲೆಯ ಎತ್ತರ ಒಂದೇ ನೋಡಬೇಡಿ. ಎರಡು ಅಲೆಗಳ ನಡುವಿನ ಸೆಕೆಂಡ್ ನೋಡಿ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಮುನ್ಸೂಚನೆಯಲ್ಲಿ ಸಿಗುತ್ತೆ. 3 ಅಡಿ, 7 ಸೆಕೆಂಡ್ ಅಂದರೆ ಹತ್ತಿರದ ಗಾಳಿ ಎಬ್ಬಿಸಿದ ಅಲೆ. ಬಲ ಕಡಿಮೆ, ಒಂದರ ಹಿಂದೆ ಒಂದು ಬರುತ್ತಲೇ ಇರುತ್ತೆ. ಇದಕ್ಕೆ ಟ್ವಿನ್ ಹೇಳಿ ಮಾಡಿಸಿದ ಹಾಗಿದೆ. ಅದೇ 3 ಅಡಿಗೆ 14 ಸೆಕೆಂಡ್ ಇದ್ದರೆ ಅದು ದಕ್ಷಿಣದ ದೂರದ ಸಾಗರದಿಂದ ಬಂದದ್ದು. ದಡದ ಹತ್ತಿರ ಮೇಲೆದ್ದು ಜೋರಾಗಿ ಬೀಳುತ್ತೆ. ನೇರ ದಂಡೆಯಲ್ಲಿ ಅದು ಉದ್ದಕ್ಕೂ ಒಂದೇ ಸಲ ಮುಚ್ಚಿಕೊಳ್ಳೋದೇ ಜಾಸ್ತಿ. ಅಂಥ ದಿನ ಶಾಂಭವಿ, ನಂದಿನಿ ಸೇರೋ ಅಳಿವೆಯ ಕಡೆ ಮರಳುದಿಬ್ಬ ಹೇಗಿದೆ ಅಂತ ನೋಡಬೇಕು. ದಿಬ್ಬ ಚೆನ್ನಾಗಿ ಕೂತಿದ್ದರೆ ಅಲೆ ಒಂದು ಕಡೆಯಿಂದ ಒಡೆಯುತ್ತಾ ಬರುತ್ತೆ, ಟ್ವಿನ್‌ಗೆ ಓಡೋ ದಾರಿ ಸಿಗುತ್ತೆ. ಮಳೆ ಮುಗಿದಾಗೆಲ್ಲ ಆ ದಿಬ್ಬ ಜಾಗ ಬದಲಿಸುತ್ತೆ, ಹೋದ ವರ್ಷದ ಲೆಕ್ಕ ಈ ವರ್ಷಕ್ಕೆ ಬರಲ್ಲ. ಇಳಿತದ ಹೊತ್ತಲ್ಲಿ ಅಳಿವೆಯ ನೀರು ಕಡಲಿನ ಕಡೆಗೆ ಜೋರಾಗಿ ಎಳೆಯುತ್ತೆ. ಅಲ್ಲಿನವರನ್ನು ಕೇಳದೆ ಇಳಿಯಬೇಡಿ.

ಗಾಳಿ ವಿಷಯ. ಬೆಳಿಗ್ಗೆ ನೆಲದಿಂದ ಕಡಲ ಕಡೆಗೆ ಬೀಸುತ್ತೆ, ಅಲೆ ನುಣುಪಾಗಿರುತ್ತೆ. ಬಿಸಿಲೇರಿದ ಮೇಲೆ ಪಡುವಣ ಗಾಳಿ ಶುರು, ನೀರೆಲ್ಲ ಗಲಿಬಿಲಿ. ಚಪ್ಪಟೆ ತಳದ ಟ್ವಿನ್ ಆಗ ಪಟಪಟ ಅಂತ ಬಡಿಯುತ್ತೆ. ಹಗುರವಾದ ಎಪಾಕ್ಸಿ ಬೋರ್ಡಾದರೆ ಇನ್ನೂ ಜಾಸ್ತಿ, ಹಳೇ ರೀತಿಯ ಪಾಲಿಯುರೆಥೇನ್ ಫೋಮಿನದು ಸ್ವಲ್ಪ ಭಾರ ಇರೋದರಿಂದ ನೀರಿಗೆ ಅಂಟಿಕೊಂಡು ಹೋಗುತ್ತೆ. ಆರು ಗಂಟೆಗೇ ನೀರಲ್ಲಿದ್ದರೆ ಈ ತಲೆನೋವೇ ಇಲ್ಲ.

ಕಡಿದಾದ ಅಲೆಯಲ್ಲಿ ಟ್ವಿನ್ ಹಿಡಿದು ನೇರ ಕೆಳಕ್ಕೆ ಇಳಿಯಬೇಡಿ. ಪ್ಯಾಡಲ್ ಮಾಡುವಾಗಲೇ ಮೂತಿ ಓರೆಗಿರಲಿ, ಏಳುತ್ತಲೇ ಅಲೆ ಕಡೆಯ ರೈಲ್ ನೀರಲ್ಲಿರಬೇಕು. ಅಲೆಗೆ ಬೆನ್ನು ಮಾಡಿ ಹೋಗುವಾಗ ಇದು ಇನ್ನೂ ಮುಖ್ಯ, ಹೆಚ್ಚಿನವರಿಗೆ ಟೇಲ್ ಜಾರೋದು ಅಲ್ಲೇ.

ಹರಿಹರದ ಹೊಳೆ ಅವರ ಭಯಕ್ಕೂ ಒಂದು ದಾರಿ ಇದೆ. ಟ್ವಿನ್‌ನ ಎರಡು ಫಿನ್ ಹಿಂದೆ, ನಡುವೆ, ಎರಡು ಮೂರು ಇಂಚಿನ ಚಿಕ್ಕ ಫಿನ್ ಹಾಕಬಹುದು. ಟ್ರೇಲರ್ ಅಂತಾರೆ. ವೇಗ ಅಷ್ಟೇನೂ ಕಮ್ಮಿಯಾಗಲ್ಲ, ಹಿಡಿತ ಬರುತ್ತೆ. ಆದರೆ ಬೋರ್ಡಿನಲ್ಲಿ ಅದಕ್ಕೆ ನಡುವೆ ಬಾಕ್ಸ್ (ಫಿನ್ ಕೂರಿಸೋ ಗುಳಿ) ಇರಬೇಕು. ನೀವು ನೋಡಿರೋದರಲ್ಲಿ ಇದೆಯಾ? ಟೇಲ್ ಆಕಾರ, ಫಿನ್ ಆಕಾರ ಕೂಡ ಹೇಳಿ.

ಕುಂದವಾಡ ಕೆರೆ ದಂಡೆ:

ಅಕ್ಕ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಮಾರುವವರು ಫೋಟೊ ಕಳಿಸಿದರು, ನಡುವೆ ಬಾಕ್ಸ್ ಇದೆ. ಟೇಲ್ ದುಂಡಗಿದ್ದು ತುದಿಗೆ ಚೂಪಾಗಿದೆ. ಜೊತೆಗೆ ಕೊಡುವ ಫಿನ್ ಗಿಡ್ಡ, ಬುಡ ತುಂಬಾ ಅಗಲ, ಅರ್ಧ ಚಂದ್ರನ ಹಾಗೆ ಕಾಣುತ್ತೆ. ಇನ್ನೊಂದು ಚಿಂತೆ. ನಮ್ಮೂರ ಬೇಸಿಗೆ ಗೊತ್ತಲ್ಲ, ಬೋರ್ಡ್ ಎಲ್ಲಿಡಲಿ? ಮಹಡಿ ಮೇಲಿನ ಕೋಣೆ ತಗಡಿನದು.

ದುರ್ಗದ ಗಾಳಿ:

ತಗಡಿನ ಕೋಣೆ ಬೇಡವೇ ಬೇಡ. ಕಾರಲ್ಲಿ ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸೋದೂ ಬೇಡ. ಬಿಸಿಗೆ ಒಳಗಿನ ಗಾಳಿ ಹಿಗ್ಗುತ್ತೆ, ಫೋಮಿನಿಂದ ಮೇಲಿನ ಫೈಬರ್ ಪದರ ಬಿಟ್ಟುಕೊಂಡು ಗುಳ್ಳೆ ಏಳುತ್ತೆ. ಒಮ್ಮೆ ಎದ್ದರೆ ರಿಪೇರಿ ದೊಡ್ಡ ಕೆಲಸ. ಕೆಳಮನೆಯಲ್ಲಿ ಬಿಸಿಲು ಬೀಳದ ಗೋಡೆ ಪಕ್ಕ, ಬೆಳ್ಳಿ ಬಣ್ಣದ ಚೀಲದಲ್ಲಿ ಇಡಿ. ಚೀಲದ ಜಿಪ್ ಸ್ವಲ್ಪ ತೆಗೆದಿರಲಿ, ಒದ್ದೆ ಇದ್ದಾಗ ಮುಚ್ಚಬೇಡಿ. ಕಾಲು ಜಾರದಂತೆ ಬೋರ್ಡಿಗೆ ಹಚ್ಚೋ ವ್ಯಾಕ್ಸ್, ಬಿಸಿ ದೇಶಕ್ಕೆ ಅಂತಲೇ ಮಾಡೋ ಗಟ್ಟಿ ಬಗೆಯದು ಕೇಳಿ, ಬೇರೆಯದು ಕರಗಿ ಚೀಲಕ್ಕೆಲ್ಲ ಮೆತ್ತುತ್ತೆ. ಕಾರಿನ ಮೇಲೆ ಕಟ್ಟುವಾಗ ಫಿನ್ ಬಿಚ್ಚಿ. ಪಟ್ಟಿಯನ್ನು ತೀರ್ಥಹಳ್ಳಿಯಲ್ಲಿ ಚಹಾಕ್ಕೆ ನಿಂತಾಗ ಇನ್ನೊಮ್ಮೆ ಎಳೆದು ನೋಡಿ, ಮುಂದೆ ಘಾಟಿಯಲ್ಲಿ 14 ತಿರುವು ಇವೆ.

ಭುಜದ ಅಭ್ಯಾಸಕ್ಕೆ ಈಜುಕೊಳ ಸಾಕು. ಭದ್ರಾ ನಾಲೆಗೆ ಮಾತ್ರ ಇಳಿಯಬೇಡಿ. ಮೇಲೆ ಶಾಂತ ಕಾಣುತ್ತೆ, ಸೆಳೆತ ಜೋರು, ಸಿಮೆಂಟ್ ಇಳಿಜಾರಿನಲ್ಲಿ ಹಿಡಿದು ಹತ್ತಲು ಏನೂ ಸಿಗಲ್ಲ.

ಹರಿಹರದ ಹೊಳೆ:

ನಡುವೆ ಬಾಕ್ಸ್ ಇದ್ದರೆ ನನ್ನ ತಕರಾರು ಇಲ್ಲ, ತಗೊಳ್ಳಿ. ದುಡ್ಡು ಕೊಡೋ ಮೊದಲು ಹೆಬ್ಬೆರಳಿಂದ ಡೆಕ್ (ಬೋರ್ಡಿನ ಮೇಲ್ಭಾಗ) ಪೂರ್ತಿ ಒತ್ತಿ ನೋಡಿ, ಅದರಲ್ಲೂ ಹಿಂಗಾಲು ನಿಲ್ಲೋ ಜಾಗ. ಮೆತ್ತಗೆ ಒಳಗೆ ಹೋಗಿ ಮೇಲೆ ಬಂದರೆ ಪದರ ಬಿಟ್ಟಿದೆ ಅಂತ. ಫಿನ್ ಬಾಕ್ಸ್ ಸುತ್ತ ಕೂದಲೆಳೆಯಂಥ ಬಿರುಕು ಇದೆಯಾ ನೋಡಿ, ಟ್ವಿನ್‌ನಲ್ಲಿ ಎಲ್ಲ ಭಾರ ಬೀಳೋದು ಆ ಎರಡರ ಮೇಲೆಯೇ. ಹಳದಿ ಕಂದು ಕಲೆ ಇದ್ದರೆ ನೀರು ಒಳಗೆ ಹೋಗಿದೆ.

ಜಗಳೂರಿನವಳು:

ನೀವು ಹೇಳಿದ ಗಿಡ್ಡ, ಅಗಲ ಬುಡದ್ದು ಕೀಲ್ ಫಿನ್. ನೇರ ಓಟಕ್ಕೆ ಚೆನ್ನ, ತಿರುಗೋಕೆ ಸ್ವಲ್ಪ ಹಟ. ಅಗಲ ಟೇಲಿನ ಫಿಶ್ ಬೋರ್ಡಿಗೆ ಅದು ಸರಿ. ನಿಮ್ಮ ದುಂಡು ಟೇಲಿಗೆ 5 ಇಂಚಿನ ಆಸುಪಾಸಿನ, ನೆಟ್ಟಗೆ ನಿಂತ ಫಿನ್ ಹೊಂದುತ್ತೆ, ನೀವು ಕಲಿಯಬೇಕಿರೋದೇ ತಿರುವು. ಮೊದಲು ಇರೋದರಲ್ಲೇ ಆಡಿ, ಸಣ್ಣ ಅಲೆಗೆ ಕೀಲ್ ಸಾಕು. ಆಮೇಲೆ ಟ್ರೇಲರ್ ಜೊತೆ ಹೊಸ ಜೋಡಿ ತರಿಸಿ. ಆರ್ಡರ್ ಮಾಡೋ ಮೊದಲು ಬಾಕ್ಸ್ ಯಾವ ಕಂಪನಿಯದು, ಎಫ್‌ಸಿಎಸ್‌ನದೋ ಫ್ಯೂಚರ್ಸ್‌ನದೋ ಅಂತ ಮಾರುವವರನ್ನು ಕೇಳಿ, ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ಫೋಟೊ ಇಲ್ಲಿ ಹಾಕಿದರೆ ನಾನೂ ನೋಡಿ ಹೇಳುತ್ತೇನೆ.