ಬ್ಯಾಂಕಿನಿಂದ ನಮ್ಮ ವಿವರ ಬೇರೆಯವರ ಕೈ ಸೇರಿದರೆ ಏನು ಮಾಡಬೇಕು?

ಪ್ರಶ್ನೆ (ಕುವೆಂಪುನಗರ, ಮೈಸೂರು):
ನಮಸ್ಕಾರ. ನನ್ನ ಉಳಿತಾಯ ಖಾತೆ ಮತ್ತು ಮನೆ ಸಾಲದ ಸ್ಟೇಟ್‌ಮೆಂಟ್ ನಾಲ್ಕು ತಿಂಗಳಿಂದ ನನ್ನದೇ ಹೆಸರಿನ ಇನ್ನೊಬ್ಬರ ಇ-ಮೇಲ್‌ಗೆ ಹೋಗುತ್ತಿತ್ತು. ಪುಣ್ಯಕ್ಕೆ ಅವರೇ ಫೋನ್ ಮಾಡಿ ತಿಳಿಸಿದರು. ಬ್ರಾಂಚಿನಲ್ಲಿ ಕೇಳಿದರೆ "ತಪ್ಪಾಗಿದೆ, ಸರಿ ಮಾಡಿದ್ದೀವಿ, ಬಿಡಿ ಸಾರ್" ಅನ್ನುತ್ತಾರೆ. ಇಷ್ಟಕ್ಕೇ ಬಿಡಬಹುದಾ?

ಉತ್ತರ (ನಿವೃತ್ತ ಬ್ಯಾಂಕ್ ಅಧಿಕಾರಿ, ಗ್ರಾಹಕರ ದೂರು ವಿಭಾಗ):
ಬಿಡಬೇಡಿ ಸರ್. ಬಾಯಿಮಾತಿನಲ್ಲಿ ಹೇಳಿದ್ದು ಬ್ಯಾಂಕಿನ ಲೆಕ್ಕದಲ್ಲಿ ದೂರೇ ಅಲ್ಲ. ಬರಹದ ದೂರು ಬ್ಯಾಂಕಿಗೆ ತಲುಪುವ ತನಕ ಈ ತಪ್ಪು ಯಾವ ದಾಖಲೆಯಲ್ಲೂ ಇರುವುದಿಲ್ಲ, ಉತ್ತರ ಕೊಡಲು ಅವರಿಗಿರುವ 30 ದಿನದ ಗಡುವೂ ಶುರುವಾಗುವುದಿಲ್ಲ.

ಮೊದಲು "ಸರಿ ಮಾಡಿದ್ದೀವಿ" ಅನ್ನುವ ಮಾತನ್ನು ಪರೀಕ್ಷಿಸಿ. ಸಾಮಾನ್ಯವಾಗಿ ಇ-ಮೇಲ್, ಮೊಬೈಲ್ ನಂಬರ್ ಅಂಟಿರುವುದು ಖಾತೆಗಲ್ಲ, ನಿಮ್ಮ ಕಸ್ಟಮರ್ ಐಡಿಗೆ (ಕೆಲವು ಬ್ಯಾಂಕಿನವರು ಸಿಐಎಫ್ ಅನ್ನುತ್ತಾರೆ). ಸಾಲದ ವಿಭಾಗ, ಕಾರ್ಡ್ ವಿಭಾಗ, ನೆಟ್ ಬ್ಯಾಂಕಿಂಗ್ ಬೇರೆ ಬೇರೆ ಸಾಫ್ಟ್‌ವೇರ್‌ನಲ್ಲಿ ಇದ್ದರೆ ಪ್ರತಿಯೊಂದರಲ್ಲೂ ಹಳೆಯ ಇ-ಮೇಲ್ ಕೂತಿರಬಹುದು. ಒಂದು ಕಡೆ ತಿದ್ದಿ ಕೈ ತೊಳೆದುಕೊಂಡರೆ ಮುಂದಿನ ತಿಂಗಳು ಸಾಲದ ಸ್ಟೇಟ್‌ಮೆಂಟ್ ಮತ್ತೆ ಅವರಿಗೇ ಹೋಗುತ್ತದೆ. ಕಸ್ಟಮರ್ ಐಡಿಯಲ್ಲಿರುವ ವಿವರಗಳ ಪ್ರಿಂಟ್ ಕೇಳಿ ಪಡೆಯಿರಿ. ಆಮೇಲೆ ಪ್ರತಿ ಖಾತೆಯ ಒಂದೊಂದು ಸ್ಟೇಟ್‌ಮೆಂಟನ್ನು ನಿಮ್ಮ ಎದುರೇ ಇ-ಮೇಲ್‌ಗೆ ಕಳಿಸಲು ಹೇಳಿ. ನಿಮಗೇ ಬಂದರೆ ಸರಿಯಾಗಿದೆ ಎಂದರ್ಥ.

ಒಂದೇ ಹೆಸರಿನವರ ವಿಷಯದಲ್ಲಿ ಇನ್ನೊಂದು ಅಪಾಯ ಇದೆ. ಹೆಸರು, ಹುಟ್ಟಿದ ತಾರೀಖು ಹೊಂದಿದಾಗ ಇಬ್ಬರನ್ನೂ ಒಬ್ಬರೇ ಅಂದುಕೊಂಡು ಎರಡು ಕಸ್ಟಮರ್ ಐಡಿಯನ್ನು ಒಂದು ಮಾಡಿಬಿಡುವುದುಂಟು. ಹಾಗಾಗಿದ್ದರೆ ಸೋರಿರುವುದು ಬರೀ ಇ-ಮೇಲ್ ಅಲ್ಲ. ನಿಮ್ಮ ಆ್ಯಪ್ ತೆರೆದು ನಿಮ್ಮದಲ್ಲದ ಖಾತೆ, ಎಫ್‌ಡಿ, ನಾಮಿನಿ ಹೆಸರು ಕಾಣುತ್ತದೆಯೇ ನೋಡಿ. ಕಂಡರೆ ಏನನ್ನೂ ಮುಟ್ಟಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ದೂರಿನಲ್ಲಿ ಬರೆಯಿರಿ. ಒಟಿಪಿ ನಿಮ್ಮ ಮೊಬೈಲಿಗೇ ಬರುತ್ತಿದೆಯೇ ಎಂಬುದನ್ನೂ ಇವತ್ತೇ ಖಚಿತಪಡಿಸಿಕೊಳ್ಳಿ.

"ಪಿಡಿಎಫ್‌ಗೆ ಪಾಸ್‌ವರ್ಡ್ ಇತ್ತಲ್ಲ" ಎಂದು ಬ್ರಾಂಚಿನವರು ಹೇಳಬಹುದು. ಆ ಪಾಸ್‌ವರ್ಡ್ ಬಹಳ ಕಡೆ ಹೆಸರಿನ ಮೊದಲ ಕೆಲವು ಅಕ್ಷರ ಮತ್ತು ಹುಟ್ಟಿದ ತಾರೀಖು ಸೇರಿಸಿ ಆಗಿರುತ್ತದೆ. ನಿಮ್ಮದೇ ಹೆಸರಿನವರಿಗೆ ಅರ್ಧ ಪಾಸ್‌ವರ್ಡ್ ಮೊದಲೇ ಗೊತ್ತಿದ್ದ ಹಾಗಾಯಿತು.

ಆ ಇನ್ನೊಬ್ಬರ ಹತ್ತಿರ ಸ್ಟೇಟ್‌ಮೆಂಟ್‌ಗಳನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಳ್ಳಬೇಡಿ, ಇನ್ನಷ್ಟು ಪ್ರತಿಗಳು ಹುಟ್ಟುತ್ತವೆ. ಕಳಿಸಿದವರ ವಿಳಾಸ, ತಾರೀಖು, ವಿಷಯದ ಸಾಲು ಕಾಣುವ ಹಾಗೆ ಸ್ಕ್ರೀನ್‌ಶಾಟ್ ಕೊಟ್ಟರೆ ಸಾಕು. ಮೂಲ ಮೇಲ್‌ಗಳನ್ನು ಅವರೇ ಬ್ಯಾಂಕಿನ ದೂರು ವಿಳಾಸಕ್ಕೆ ಫಾರ್ವರ್ಡ್ ಮಾಡಿ, ನಂತರ ಅಳಿಸಿ, "ಅಳಿಸಿದ್ದೇನೆ" ಎಂದು ಒಂದು ಸಾಲು ಬರೆದು ಕಳಿಸಲಿ.

ದೂರಿನ ಪತ್ರದಲ್ಲಿ "ಸೂಕ್ತ ಕ್ರಮ ಕೈಗೊಳ್ಳಿ" ಎಂದು ಬರೆದರೆ "ಕ್ರಮ ಕೈಗೊಳ್ಳಲಾಗಿದೆ" ಎಂದಷ್ಟೇ ಉತ್ತರ ಬರುತ್ತದೆ. ಉತ್ತರಿಸಲೇಬೇಕಾದ ಪ್ರಶ್ನೆ ಕೇಳಿ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಒಟ್ಟು ಎಷ್ಟು ಸ್ಟೇಟ್‌ಮೆಂಟ್ ಹೋಗಿವೆ? ಅವುಗಳಲ್ಲಿ ಪ್ಯಾನ್, ವಿಳಾಸ, ಸಾಲದ ಬಾಕಿ ಯಾವುದೆಲ್ಲ ಇತ್ತು? ತಪ್ಪು ಇ-ಮೇಲ್ ಯಾವತ್ತು ನಮೂದಾಯಿತು, ಯಾವ ಅರ್ಜಿಯ ಆಧಾರದ ಮೇಲೆ? ಒಬ್ಬರು ನಮೂದಿಸಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಿಗೆ ಕೊಡಬೇಕು, ಆ ಪರಿಶೀಲನೆ ನಡೆದಿತ್ತೇ? ಪಡೆದವರಿಂದ ಅಳಿಸಿದ ಖಾತ್ರಿ ಪಡೆದಿರೇ? ಕೊನೆಗೆ ನಿಮಗೇನು ಬೇಕು ಎಂದು ಬರೆಯಿರಿ: ತಿದ್ದುಪಡಿಯ ಲಿಖಿತ ದೃಢೀಕರಣ, ಆದ ಖರ್ಚು, ಪರಿಹಾರ ಕೇಳುವುದಾದರೆ ಅದರ ಮೊತ್ತ. ಖಾತೆ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಸಾಕು.

ಪತ್ರ ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಸೀಲು ಹಾಕಲು ಹಿಂದೆಮುಂದೆ ನೋಡಿದರೆ ವಾದಿಸುತ್ತ ನಿಲ್ಲಬೇಡಿ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅದೇ ದಿನ ಬ್ಯಾಂಕಿನ ವೆಬ್‌ಸೈಟಿನಲ್ಲೂ ದೂರು ಹಾಕಿ ನಂಬರ್ ಪಡೆಯಿರಿ.

ಮರುಪ್ರಶ್ನೆ (ಅದೇ ಸದಸ್ಯರು):
30 ದಿನ ಆದಮೇಲೂ ಉತ್ತರ ಬರದಿದ್ದರೆ?

ಉತ್ತರ (ವಕೀಲರು, ಬ್ಯಾಂಕಿಂಗ್ ಮತ್ತು ಗ್ರಾಹಕ ಪ್ರಕರಣಗಳು):
ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿ) ಹೋಗಿ. 2021ರ ನವೆಂಬರ್ 12ರಂದು ಜಾರಿಗೆ ಬಂದ ಸಮಗ್ರ ಯೋಜನೆಯಲ್ಲಿ ದೂರನ್ನು ರಿಸರ್ವ್ ಬ್ಯಾಂಕಿನ ದೂರು ವೆಬ್‌ಸೈಟಾದ ಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಬಹುದು, ಇಲ್ಲವೇ ಚಂಡೀಗಢದ ಕೇಂದ್ರೀಕೃತ ಸ್ವೀಕೃತಿ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. ಶುಲ್ಕ ಇಲ್ಲ. ಸಂದೇಹ ಇದ್ದರೆ 14448ಕ್ಕೆ ಕರೆ ಮಾಡಿ. 2021ರ ಯೋಜನೆಯ ಪ್ರಕಾರ ಬ್ಯಾಂಕಿನ ಉತ್ತರ ತೃಪ್ತಿ ಕೊಡದಿದ್ದರೆ ಉತ್ತರ ಬಂದ ಒಂದು ವರ್ಷದೊಳಗೆ, ಉತ್ತರವೇ ಬರದಿದ್ದರೆ ನೀವು ದೂರು ಕೊಟ್ಟ ದಿನದಿಂದ ಒಂದು ವರ್ಷ 30 ದಿನದೊಳಗೆ ಹಾಕಬೇಕು.

ಅಲ್ಲಿ ದೂರು ತಿರಸ್ಕೃತವಾಗುವ ಕಾರಣಗಳನ್ನು ಮೊದಲೇ ತಿಳಿದುಕೊಳ್ಳಿ. ಬ್ಯಾಂಕಿಗೆ ಬರೆಯದೆ ನೇರ ಹೋದರೆ ಆಗುವುದಿಲ್ಲ. ಅದೇ ವಿಷಯ ಕೋರ್ಟಿನಲ್ಲೋ ಗ್ರಾಹಕರ ಆಯೋಗದಲ್ಲೋ ನಡೆಯುತ್ತಿದ್ದರೂ ಆಗುವುದಿಲ್ಲ. ವಕೀಲರ ಮೂಲಕ ಹಾಕಿದರೂ ಇಲ್ಲ, ನೀವೇ ಹಾಕಬೇಕು. ದೂರಿನಲ್ಲಿ ಸಿಟ್ಟಿಗಿಂತ ನಿಯಮಕ್ಕೆ ಬೆಲೆ ಹೆಚ್ಚು: ಗ್ರಾಹಕರ ಮಾಹಿತಿ ಗೋಪ್ಯವಾಗಿಡಬೇಕೆಂದು ರಿಸರ್ವ್ ಬ್ಯಾಂಕಿನ ಕೆವೈಸಿ (ಗ್ರಾಹಕರ ಗುರುತು, ವಿಳಾಸ ಪರಿಶೀಲನೆ) ನಿರ್ದೇಶನ ಹೇಳುತ್ತದೆ, 2014ರ ಗ್ರಾಹಕರ ಹಕ್ಕುಗಳ ಸನದಿನಲ್ಲಿ ಖಾಸಗಿತನದ ಹಕ್ಕು ಇದೆ. ಇವೆರಡನ್ನೂ ಉಲ್ಲೇಖಿಸಿ ಇದು "ಸೇವಾ ನ್ಯೂನತೆ" ಎಂದು ಬರೆಯಿರಿ.

2021ರ ಯೋಜನೆಯಲ್ಲಿ ನಷ್ಟಕ್ಕೆ 20 ಲಕ್ಷ ರೂ.ವರೆಗೆ, ಅಲೆದಾಟ ಮತ್ತು ಮಾನಸಿಕ ಕಿರುಕುಳಕ್ಕೆ ಬೇರೆಯಾಗಿ 1 ಲಕ್ಷ ರೂ.ವರೆಗೆ ಕೊಡಿಸಬಹುದು. ಇದು ಮಿತಿ, ಸಿಕ್ಕೇ ಸಿಗುವ ಮೊತ್ತವಲ್ಲ. ಹಣ ಕಳೆದುಕೊಳ್ಳದಿದ್ದರೆ ದೊಡ್ಡ ಮೊತ್ತದ ನಿರೀಕ್ಷೆ ಇಟ್ಟುಕೊಳ್ಳಬೇಡಿ. ತಿದ್ದುಪಡಿ, ಲಿಖಿತ ವಿವರಣೆ, ಅಲೆದಾಟಕ್ಕೆ ತಕ್ಕ ಪರಿಹಾರ, ಇಷ್ಟನ್ನು ಗುರಿಯಾಗಿಟ್ಟುಕೊಳ್ಳುವುದು ವಾಸ್ತವ.

ಸರ್ಕಾರಿ ಬ್ಯಾಂಕ್ ಆದರೆ ಇನ್ನೊಂದು ದಾರಿ ಇದೆ. 10 ರೂ. ಶುಲ್ಕದ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ನಿಮ್ಮದೇ ದೂರಿನ ಮೇಲೆ ಯಾರು, ಯಾವ ತಾರೀಖು, ಏನು ಬರೆದರು ಎಂಬ ಕಡತದ ಪ್ರತಿ ಕೇಳಿ. ಆ ಪುಟಗಳು ಓಂಬುಡ್ಸ್‌ಮನ್ ಮುಂದೆ ಬಹಳ ಉಪಯೋಗಕ್ಕೆ ಬರುತ್ತವೆ.

ಪ್ರಶ್ನೆ (ಮದ್ದೂರು ತಾಲ್ಲೂಕು, ಮಂಡ್ಯ):
ಸಾರ್, ಟ್ರ್ಯಾಕ್ಟರ್ ಸಾಲದ ಎರಡು ಕಂತು ತಡ ಆಗೈತೆ. ವಸೂಲಿ ಏಜೆಂಟು ನಮ್ಮೂರ ಡೈರಿ ಸೆಕ್ರೆಟರಿಗೆ ಫೋನ್ ಮಾಡಿ ಬಾಕಿ ಎಷ್ಟು ಅಂತ ಹೇಳವ್ನೆ. ಈಗ ಊರಿಗೆಲ್ಲ ಗೊತ್ತು. ಸಾಲ ಇರೋದು ನಿಜ ಆದ್ಮೇಲೆ ದೂರು ಕೊಡಾಕೆ ಆಯ್ತದಾ?

ಉತ್ತರ (ವಕೀಲರು):
ಧಾರಾಳವಾಗಿ ಕೊಡಬಹುದು. ಕಂತು ಕಟ್ಟಬೇಕಾದ್ದು ಒಂದು ವಿಷಯ, ಬಾಕಿಯನ್ನು ಊರಿಗೆ ಸಾರುವುದು ಇನ್ನೊಂದು ವಿಷಯ. ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ ಸಾಲಗಾರರನ್ನು ಸಾರ್ವಜನಿಕವಾಗಿ ಅವಮಾನಿಸಬಾರದು, ಅವರ ಮನೆಯವರು, ಸ್ನೇಹಿತರು, ಪರಿಚಯದವರೆಂದು ಅರ್ಜಿಯಲ್ಲಿ ಹೆಸರಿಸಿದವರ ಖಾಸಗಿತನಕ್ಕೆ ಕೈ ಹಾಕಬಾರದು, ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದು ಎಂದು ಹೇಳಿದೆ. "ಅವನು ನಮ್ಮ ನೌಕರನಲ್ಲ, ಏಜೆನ್ಸಿಯವನು" ಎಂದು ಬ್ಯಾಂಕ್ ನುಣುಚಿಕೊಳ್ಳುವ ಹಾಗಿಲ್ಲ. ಏಜೆಂಟ್ ಮಾಡಿದ್ದಕ್ಕೆ ಬ್ಯಾಂಕೇ ಹೊಣೆ.

ಸೆಕ್ರೆಟರಿಯವರ ಸಾಕ್ಷ್ಯ ಇಲ್ಲದೆ ಈ ದೂರು ನಿಲ್ಲುವುದಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ನಂಬರಿನಿಂದ ಕರೆ ಬಂತು, ಏನು ಹೇಳಿದ ಎಂದು ಅವರಿಂದ ನಾಲ್ಕು ಸಾಲು ಬರೆಸಿ ಸಹಿ ಮಾಡಿಸಿ, ಕರೆ ಪಟ್ಟಿಯ ಸ್ಕ್ರೀನ್‌ಶಾಟ್ ಇಡಿ. ದೂರಿನ ಜೊತೆಗೇ ಎರಡು ಕಂತು ಯಾವಾಗ ಕಟ್ಟುತ್ತೀರಿ ಎಂದೂ ಬರೆಯಿರಿ. ಹಾಗೆ ಬರೆದರೆ ಸಾಲ ತಪ್ಪಿಸಿಕೊಳ್ಳಲು ದೂರು ಕೊಟ್ಟರು ಎಂದು ಬ್ಯಾಂಕ್ ಹೇಳಲು ಬರುವುದಿಲ್ಲ. ದೂರು ಕೊಟ್ಟೆವೆಂದು ಕಂತು ನಿಲ್ಲಿಸಬೇಡಿ, ಬಡ್ಡಿ ಏರುತ್ತದೆ.

ಪ್ರಶ್ನೆ (ಸರಸ್ವತಿಪುರಂ, ಮೈಸೂರು):
ನಾನು ತೆಗೆಯದ ಪರ್ಸನಲ್ ಲೋನ್ ನನ್ನ ಸಿಬಿಲ್ ವರದಿಯಲ್ಲಿ (ಸಾಲದ ಇತಿಹಾಸದ ವರದಿ) ಕಾಣಿಸುತ್ತಿದೆ. ಬ್ಯಾಂಕಿನವರು ಸಿಬಿಲ್‌ಗೆ ಹೋಗಿ ಅನ್ನುತ್ತಾರೆ, ಸಿಬಿಲ್‌ನವರು ಬ್ಯಾಂಕ್ ಹೇಳಬೇಕು ಅನ್ನುತ್ತಾರೆ.

ಉತ್ತರ (ನಿವೃತ್ತ ಬ್ಯಾಂಕ್ ಅಧಿಕಾರಿ):
ಮೇಡಂ, ಈ ಅಲೆದಾಟ ತಪ್ಪಿಸಲೆಂದೇ ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್ 26ರಂದು ನಿಯಮ ಮಾಡಿ 2024ರ ಏಪ್ರಿಲ್‌ನಿಂದ ಜಾರಿಗೆ ತಂದಿದೆ. ದೂರು ಕೊಟ್ಟ 30 ದಿನದಲ್ಲಿ ಬಗೆಹರಿಯದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂ. ನಿಮಗೆ ಕೊಡಬೇಕು. ಬ್ಯಾಂಕ್ 21 ದಿನದೊಳಗೆ ತಿದ್ದಿದ ಮಾಹಿತಿ ಕಳಿಸದಿದ್ದರೆ ಆ ಹಣ ಬ್ಯಾಂಕ್ ಕೊಡಬೇಕು. ಬ್ಯಾಂಕ್ ಕಳಿಸಿಯೂ ಸಿಬಿಲ್‌ನಂಥ ವರದಿ ಕಂಪನಿ ತಿದ್ದದಿದ್ದರೆ ಕಂಪನಿ ಕೊಡಬೇಕು. ಆದ್ದರಿಂದ ಒಂದೇ ದಿನ ಇಬ್ಬರಿಗೂ ದೂರು ಹಾಕಿ, ಎರಡೂ ನಂಬರ್ ಬರೆದಿಟ್ಟುಕೊಳ್ಳಿ.

ಸಿಬಿಲ್ ಒಂದನ್ನೇ ನೋಡಿ ಸುಮ್ಮನಾಗಬೇಡಿ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಸೇರಿ ನಾಲ್ಕು ಕಂಪನಿಗಳಿವೆ, ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಸಾಲ ಕೊಟ್ಟ ಬ್ಯಾಂಕಿನಿಂದ ಮೂರು ದಾಖಲೆ ಕೇಳಿ: ಸಾಲದ ಅರ್ಜಿ, ಅದಕ್ಕೆ ಕೊಟ್ಟ ಕೆವೈಸಿ ಪ್ರತಿ, ಹಣ ಜಮೆಯಾದ ಖಾತೆಯ ವಿವರ. ಹಣ ಬೇರೆಯವರ ಖಾತೆಗೆ ಹೋಗಿದ್ದರೆ ಅದೇ ನಿಮ್ಮ ದೊಡ್ಡ ಸಾಕ್ಷಿ. ಆಗ ಇದು ಬರೀ ನಮೂದಿನ ತಪ್ಪಲ್ಲ, ವಂಚನೆ. ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ದೂರು ಕೊಡಿ, ಮೈಸೂರು ನಗರದಲ್ಲೂ ಮಂಡ್ಯದಲ್ಲೂ ಇದೆ. "ಸದ್ಯಕ್ಕೆ ಒಂದು ಕಂತು ಕಟ್ಟಿಬಿಡಿ, ಆಮೇಲೆ ನೋಡೋಣ" ಎಂದು ಯಾರೇ ಹೇಳಿದರೂ ಕಟ್ಟಬೇಡಿ. ಕಟ್ಟಿದರೆ ಸಾಲ ಒಪ್ಪಿಕೊಂಡಿರಿ ಎಂದು ವಾದ ಹೂಡುತ್ತಾರೆ.

ಪ್ರಶ್ನೆ (ಪಾಂಡವಪುರ):
ವಿವರ ಸೋರಿ ಖಾತೆಯಿಂದ ಹಣವೇ ಹೋದರೆ?

ಉತ್ತರ (ನಿವೃತ್ತ ಬ್ಯಾಂಕ್ ಅಧಿಕಾರಿ):
ಆಗ ಪತ್ರ ಆಮೇಲೆ, ಫೋನ್ ಮೊದಲು. ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ, ಬ್ಯಾಂಕಿಗೆ ಕರೆ ಮಾಡಿ ಖಾತೆ ತಡೆಹಿಡಿಸಿ, ಎರಡೂ ಕಡೆ ನಂಬರ್ ಪಡೆಯಿರಿ. 2017ರ ಜುಲೈ 6ರ ನಿಯಮದ ಪ್ರಕಾರ ತಪ್ಪು ಬ್ಯಾಂಕಿನದಾದರೆ ನೀವು ಯಾವಾಗ ತಿಳಿಸಿದರೂ ನಿಮ್ಮ ಹೊಣೆ ಸೊನ್ನೆ. ತಪ್ಪು ಬ್ಯಾಂಕಿನದೂ ಅಲ್ಲ, ನಿಮ್ಮದೂ ಅಲ್ಲ, ನಡುವಿನ ವ್ಯವಸ್ಥೆಯದು ಎಂದಾದರೆ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಸೊನ್ನೆ. ನಾಲ್ಕರಿಂದ ಏಳು ಕೆಲಸದ ದಿನ ಆದರೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000 ರೂ. ನಿಮ್ಮ ತಲೆಗೆ ಬರಬಹುದು. ತಿಳಿಸಿದ 10 ಕೆಲಸದ ದಿನದಲ್ಲಿ ಬ್ಯಾಂಕ್ ತಾತ್ಕಾಲಿಕವಾಗಿ ಹಣ ಜಮೆ ಮಾಡಬೇಕು, 90 ದಿನದಲ್ಲಿ ತೀರ್ಮಾನಿಸಬೇಕು. ತಪ್ಪು ಗ್ರಾಹಕರದು ಎಂದು ಸಾಬೀತು ಮಾಡುವ ಹೊರೆ ಬ್ಯಾಂಕಿನ ಮೇಲಿದೆ. ಒಟಿಪಿ ನೀವೇ ಹೇಳಿದ್ದರೆ ಮಾತ್ರ ತಿಳಿಸುವವರೆಗಿನ ನಷ್ಟ ನಿಮ್ಮದೇ, ತಿಳಿಸಿದ ನಂತರದ್ದು ಬ್ಯಾಂಕಿನದು.

ಆಧಾರ್ ಹೆಬ್ಬೆಟ್ಟಿನ ಗುರುತು ಬಳಸಿ ಹಣ ತೆಗೆದಿದ್ದರೆ ಆಧಾರ್ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿ. ರೇಷನ್ ಅಂಗಡಿಗೆ ಹೋಗುವ ಮುನ್ನ ಅನ್‌ಲಾಕ್ ಮಾಡಿಕೊಳ್ಳಲು ಮರೆಯಬೇಡಿ.

ಪ್ರಶ್ನೆ (ವಿ.ವಿ. ಮೊಹಲ್ಲಾ, ಮೈಸೂರು):
ಹೊಸ ಡೇಟಾ ರಕ್ಷಣಾ ಕಾಯ್ದೆಯಲ್ಲಿ 250 ಕೋಟಿ ದಂಡ ಇದೆಯಂತೆ. ಅದರಲ್ಲಿ ನಮಗೆ ಪಾಲು ಸಿಗುತ್ತಾ?

ಉತ್ತರ (ವಕೀಲರು):
ಇಲ್ಲ. 2023ರ ಆ ಕಾಯ್ದೆಯಲ್ಲಿ ಜನರ ಮಾಹಿತಿಯನ್ನು ಭದ್ರವಾಗಿ ಇಡದವರಿಗೆ 250 ಕೋಟಿ ರೂ.ವರೆಗೆ ದಂಡ ಇರುವುದು ನಿಜ, ಆದರೆ ಅದು ಸರ್ಕಾರದ ಸಂಚಿತ ನಿಧಿಗೆ ಹೋಗುತ್ತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಸಂಸ್ಥೆಗಳ ಮುಖ್ಯ ಹೊಣೆಗಾರಿಕೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಇದೆ. ಅಲ್ಲಿಯವರೆಗೆ ಪರಿಹಾರ ಕೇಳಲು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮು ಇದೆ. 5 ಕೋಟಿ ರೂ.ವರೆಗಿನ ಅರ್ಜಿಯನ್ನು ಬೆಂಗಳೂರಿನಲ್ಲಿ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯವರು ನ್ಯಾಯನಿರ್ಣಯ ಅಧಿಕಾರಿಯಾಗಿ ಕೇಳುತ್ತಾರೆ. ಬ್ಯಾಂಕಿನ ಅಜಾಗರೂಕತೆ ಮತ್ತು ಅದರಿಂದಲೇ ಆದ ನಷ್ಟ, ಎರಡನ್ನೂ ತೋರಿಸಬೇಕು. ಲಕ್ಷಗಟ್ಟಲೆ ನಷ್ಟ ಆಗಿದ್ದರೆ ಆ ದಾರಿ, ಇಲ್ಲದಿದ್ದರೆ ಓಂಬುಡ್ಸ್‌ಮನ್ ಸಾಕು.

ಪ್ರಶ್ನೆ (ಮಳವಳ್ಳಿ):
ನಮ್ಮದು ಬ್ಯಾಂಕಲ್ಲ, ಸೊಸೈಟಿ. ಅದಕ್ಕೂ ಇದೇ ದಾರೀನಾ?

ಉತ್ತರ (ನಿವೃತ್ತ ಬ್ಯಾಂಕ್ ಅಧಿಕಾರಿ):
ಅಲ್ಲ. ಹಳ್ಳಿಯ ಕೃಷಿ ಪತ್ತಿನ ಸಂಘ, ಸೌಹಾರ್ದ ಸಹಕಾರಿ ಇವು ಓಂಬುಡ್ಸ್‌ಮನ್ ವ್ಯಾಪ್ತಿಗೆ ಬರುವುದಿಲ್ಲ. ಕೃಷಿ ಪತ್ತಿನ ಸಂಘವಾದರೆ ಸಂಘಕ್ಕೆ ಬರೆದ ದೂರಿನ ಪ್ರತಿ ಸಮೇತ ಸಹಕಾರ ಇಲಾಖೆಯ ಎ.ಆರ್. (ಸಹಾಯಕ ನಿಬಂಧಕರ) ಕಚೇರಿಗೆ ಕೊಡಿ. ಆದರೆ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕುಗಳು 2025ರ ನವೆಂಬರ್ 1ರಿಂದ ಓಂಬುಡ್ಸ್‌ಮನ್ ವ್ಯಾಪ್ತಿಗೆ ಸೇರಿವೆ.

ಮರುಪ್ರಶ್ನೆ (ಕುವೆಂಪುನಗರದ ಸದಸ್ಯರು):
ಇವತ್ತು ಬ್ರಾಂಚಿನಿಂದ ಫೋನ್ ಬಂತು. ಮನೆಗೇ ಬರುತ್ತಾರಂತೆ, "ದೂರು ತೃಪ್ತಿಕರವಾಗಿ ಬಗೆಹರಿದಿದೆ" ಎಂಬ ಪತ್ರಕ್ಕೆ ಸಹಿ ಬೇಕಂತೆ.

ಉತ್ತರ (ನಿವೃತ್ತ ಬ್ಯಾಂಕ್ ಅಧಿಕಾರಿ):
ಬಂದವರಿಗೆ ಕಾಫಿ ಕೊಡಿ ಸರ್, ಸಹಿ ಬೇಡ. ಆ ಪತ್ರದ ಮೇಲೆ ದೂರು ಮುಗಿದು ಹೋಗುತ್ತದೆ. ಕೇಳಿದ ಪ್ರಶ್ನೆಗಳಿಗೆ ಲೆಟರ್‌ಹೆಡ್‌ನಲ್ಲಿ ಉತ್ತರ ತಂದಿದ್ದರೆ ಓದಿ, ಎರಡು ದಿನ ಇಟ್ಟುಕೊಂಡು ನೋಡುತ್ತೇನೆ ಎನ್ನಿ. ಸಹಿ ಮಾಡಲೇಬೇಕಾಗಿ ಬಂದರೆ ನಿಮ್ಮ ಕೈಬರಹದಲ್ಲೇ ಹೀಗೆ ಬರೆದು ಸಹಿ ಮಾಡಿ: "ಇ-ಮೇಲ್ ತಿದ್ದುಪಡಿ ಮಾತ್ರ ಆಗಿದೆ. ಮಾಹಿತಿ ಹೇಗೆ ಸೋರಿತು ಎಂಬ ವಿವರಣೆ ಮತ್ತು ಪರಿಹಾರ ಬಾಕಿ ಇದೆ." ಬರೆದ ಪತ್ರದ ಫೋಟೋ ಅವರೆದುರೇ ತೆಗೆದುಕೊಳ್ಳಿ.