ಮನೆಯ ಬೆಕ್ಕು ಕಾಡುಬೆಕ್ಕಿನೊಂದಿಗೆ ಕೂಡಿದರೆ ಮರಿಯಾಗುತ್ತದೆಯೇ? ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಮ್ಮ ಮನೆ ಕಾಡಿನ ಅಂಚಿನಲ್ಲಿದೆ. ನಮ್ಮ ಹೆಣ್ಣುಬೆಕ್ಕು ಬೆದೆಗೆ ಬಂದಿದ್ದ ದಿನಗಳಲ್ಲಿ ಉದ್ದ ಕಾಲಿನ, ಗಿಡ್ಡ ಬಾಲದ, ಮೈಮೇಲೆ ಪಟ್ಟೆಗಳೇ ಇಲ್ಲದ ಕಂದು ಬಣ್ಣದ ದೊಡ್ಡ ಬೆಕ್ಕೊಂದು ರಾತ್ರಿ ಹಿತ್ತಲಿಗೆ ಬಂದುಹೋಗುತ್ತಿತ್ತು. ಊರಿನ ಗಂಡುಬೆಕ್ಕುಗಳೂ ಸುಳಿದಾಡುತ್ತಿದ್ದವು. ಈಗ ನಮ್ಮ ಬೆಕ್ಕು ನಾಲ್ಕು ಮರಿ ಹಾಕಿದೆ. ಎರಡು ಮರಿಗಳು ಕಪ್ಪು-ಬಿಳುಪು, ಇನ್ನೆರಡರ ಮೈಮೇಲೆ ಚುಕ್ಕೆಗಳಿವೆ. ಚುಕ್ಕೆಯ ಮರಿಗಳು ಕಾಡುಬೆಕ್ಕಿನವೇ ಎಂದು ಮನೆಯವರೆಲ್ಲ ಹೇಳುತ್ತಿದ್ದಾರೆ. ಹೀಗಾಗಲು ಸಾಧ್ಯವೇ?

ಉತ್ತರ: ನಮಸ್ಕಾರ. ಸಾಧ್ಯವಿದೆ, ಆದರೆ ಚುಕ್ಕೆಗಳನ್ನು ನೋಡಿ ಹಾಗೆಂದು ತೀರ್ಮಾನಿಸಲಾಗದು.

ನೀವು ವರ್ಣಿಸಿದ ಪ್ರಾಣಿ ಫೆಲಿಸ್ ಚೌಸ್, ಅಂದರೆ ಜಂಗಲ್ ಕ್ಯಾಟ್ ಎಂದು ಕರೆಯುವ ಕಾಡುಬೆಕ್ಕಿಗೆ ಚೆನ್ನಾಗಿ ಹೊಂದುತ್ತದೆ. ಅದರ ಕಿವಿಯ ತುದಿಯಲ್ಲಿ ಸಣ್ಣ ಕಪ್ಪು ಕೂದಲಿನ ಕುಚ್ಚು ಇತ್ತೇ ಎಂಬುದನ್ನು ನೆನಪಿಸಿಕೊಳ್ಳಿ. ಮನೆಯ ಬೆಕ್ಕೂ ಅದೂ ಒಂದೇ ಕುಲಕ್ಕೆ ಸೇರಿದವು, ಎರಡಕ್ಕೂ 38 ವರ್ಣತಂತುಗಳಿವೆ, ಮತ್ತು ಇವೆರಡರ ಸಂಕರದಿಂದಲೇ ಚೌಸಿ ಎಂಬ ಸಾಕುತಳಿಯನ್ನು ಬೆಳೆಸಲಾಗಿದೆ. ಆದ್ದರಿಂದ ನಿಮ್ಮ ಮನೆಯವರ ಊಹೆಯನ್ನು ನಾನು ತಳ್ಳಿಹಾಕುವುದಿಲ್ಲ.

ಆದರೆ ಚುಕ್ಕೆಗಳು ಸಾಮಾನ್ಯ ಮನೆಬೆಕ್ಕಿನಲ್ಲೂ ಧಾರಾಳವಾಗಿ ಕಾಣುತ್ತವೆ; ಮೈಮೇಲಿನ ಪಟ್ಟೆಗಳು ಅಲ್ಲಲ್ಲಿ ತುಂಡಾದರೆ ಚುಕ್ಕೆಗಳಂತೆಯೇ ತೋರುತ್ತವೆ. ಒಂದೇ ಸೂಲಿನಲ್ಲಿ ಎರಡು ಬಗೆಯ ಮರಿಗಳು ಹುಟ್ಟಿದ್ದೂ ವಿಚಿತ್ರವಲ್ಲ. ಬೆಕ್ಕಿನಲ್ಲಿ ಅಂಡಾಣುಗಳು ಬಿಡುಗಡೆಯಾಗುವುದು ಕೂಡಿಕೆಯ ಪ್ರಚೋದನೆಯಿಂದ, ಮತ್ತು ಬೆದೆಯಲ್ಲಿರುವ ಹೆಣ್ಣು ಒಂದಕ್ಕಿಂತ ಹೆಚ್ಚು ಗಂಡುಗಳೊಂದಿಗೆ ಕೂಡುವುದರಿಂದ, ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರುವುದು ಸಾಮಾನ್ಯ. ನಿಮ್ಮ ಹಿತ್ತಲಿಗೆ ಊರಿನ ಗಂಡುಗಳೂ ಬರುತ್ತಿದ್ದವಾದ್ದರಿಂದ ನಾಲ್ಕೂ ಮರಿಗಳು ಅವುಗಳವೇ ಆಗಿರುವ ಸಂಭವವೇ ಹೆಚ್ಚು.

ಮರಿಗಳು ಬೆಳೆದಂತೆ ಬಾಲವನ್ನು ಗಮನಿಸಿ. ಜಂಗಲ್ ಕ್ಯಾಟ್‌ನ ಬಾಲ ದೇಹಕ್ಕೆ ಹೋಲಿಸಿದರೆ ಗಿಡ್ಡ. ನಿಂತಾಗ ಹಿಂಗಾಲಿನ ಮಡಿಕೆಯವರೆಗೆ ಮಾತ್ರ ಇಳಿಯುತ್ತದೆ. ಅದರ ಮರಿಗಳಿಗೆ ಎಳವೆಯಲ್ಲಿ ಪಟ್ಟೆಗಳಿದ್ದು, ಬೆಳೆದಂತೆ ಮಾಸಿಹೋಗುತ್ತವೆ. ಖಚಿತವಾಗಿ ತಿಳಿಯಬೇಕಾದರೆ ಡಿಎನ್‌ಎ ಪರೀಕ್ಷೆಯೊಂದೇ ದಾರಿ. ಪರೀಕ್ಷೆ ಮಾಡಿಸುವುದಾದರೆ ಜೀವಕೋಶದ ಕೇಂದ್ರದಲ್ಲಿರುವ ಡಿಎನ್‌ಎಯನ್ನೇ ನೋಡುವಂತೆ ಕೇಳಿಕೊಳ್ಳಿ. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಬರುವುದರಿಂದ, ತಂದೆ ಯಾರೇ ಆಗಿದ್ದರೂ ನಿಮ್ಮ ಮರಿಗಳ ವಿಷಯದಲ್ಲಿ ಅದು ‘ಮನೆಯ ಬೆಕ್ಕು’ ಎಂದೇ ಹೇಳುತ್ತದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸರ್, ಹಾಗಾದರೆ ಯಾವ ಕಾಡಿನ ಬೆಕ್ಕಿನೊಂದಿಗೆ ಬೇಕಾದರೂ ಮನೆಯ ಬೆಕ್ಕು ಸಂಕರವಾಗಬಲ್ಲುದೇ? ಚಿರತೆ, ಪುನುಗಿನ ಬೆಕ್ಕು ಇವುಗಳೊಂದಿಗೂ?

ಉತ್ತರ: ಪುನುಗಿನ ಬೆಕ್ಕು ಬೆಕ್ಕಿನ ಕುಟುಂಬಕ್ಕೇ ಸೇರಿದ್ದಲ್ಲ, ಹಾಗಾಗಿ ಅದರ ಮಾತೇ ಬೇಡ. ಚಿರತೆ, ಹುಲಿ, ಸಿಂಹಗಳ ವಂಶ ಉಳಿದ ಬೆಕ್ಕುಗಳಿಂದ 1 ಕೋಟಿ ವರ್ಷಕ್ಕೂ ಹಿಂದೆಯೇ ಬೇರೆಯಾಗಿದೆ. ಗಾತ್ರದ ಅಂತರವೂ ಅಗಾಧವಾಗಿರುವುದರಿಂದ ಅಲ್ಲೂ ಸಂಕರದ ಪ್ರಶ್ನೆಯಿಲ್ಲ.

ಉಳಿದ ಸಣ್ಣ ಬೆಕ್ಕುಗಳ ವಿಷಯದಲ್ಲಿ ಎಲ್ಲವೂ ನಂಟಿನ ದೂರವನ್ನು ಅವಲಂಬಿಸಿದೆ. ಮನೆಯ ಬೆಕ್ಕು ಫೆಲಿಸ್ ಲಿಬಿಕಾ ಎಂಬ, ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕಿನ ಸಂತತಿ ಎಂಬುದು 2007ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದಿಂದ ಸ್ಪಷ್ಟವಾಯಿತು. ಈ ಲಿಬಿಕಾದೊಂದಿಗೂ, ಅದರ ಹತ್ತಿರದ ಬಂಧುವಾದ ಯುರೋಪಿನ ಕಾಡುಬೆಕ್ಕಿನೊಂದಿಗೂ ಮನೆಯ ಬೆಕ್ಕು ಯಾರ ನೆರವೂ ಇಲ್ಲದೆ ಕೂಡುತ್ತದೆ, ಮತ್ತು ಹುಟ್ಟುವ ಮರಿಗಳು ಗಂಡಾಗಲಿ ಹೆಣ್ಣಾಗಲಿ ಸಂತಾನಶಕ್ತಿಯನ್ನು ಹೊಂದಿರುತ್ತವೆ.

ಏಷ್ಯಾದ ಚಿರತೆ ಬೆಕ್ಕು, ಅಂದರೆ ಲೆಪರ್ಡ್ ಕ್ಯಾಟ್, ಮನೆಯ ಬೆಕ್ಕಿನ ವಂಶದಿಂದ ಬೇರೆಯಾಗಿ ಸುಮಾರು 60 ಲಕ್ಷ ವರ್ಷಗಳಾಗಿವೆ. ಇವುಗಳ ಸಂಕರದಿಂದಲೇ ಬೆಂಗಾಲ್ ತಳಿ ಹುಟ್ಟಿತು. ವರ್ಣತಂತುಗಳ ಸಂಖ್ಯೆ ಎರಡರಲ್ಲೂ 38 ಆಗಿದ್ದರೂ, ಮೊದಲ ಕೆಲವು ಪೀಳಿಗೆಗಳ ಗಂಡುಗಳಿಗೆ ಸಂತಾನಶಕ್ತಿ ಇರುವುದಿಲ್ಲ. ಹೆಣ್ಣುಗಳಿಗೆ ಮಾತ್ರ ಇರುತ್ತದೆ. ಸಂಖ್ಯೆ ಒಂದೇ ಆದ ಮಾತ್ರಕ್ಕೆ ಸಂತತಿ ಮುಂದುವರಿಯುತ್ತದೆ ಎನ್ನಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಬೇರೆ ಬೇರೆ ಲಿಂಗ ವರ್ಣತಂತುಗಳಿರುವ ಲಿಂಗವೇ, ಅಂದರೆ ಸ್ತನಿಗಳಲ್ಲಿ ಗಂಡೇ, ಸಂಕರದಲ್ಲಿ ಮೊದಲು ಬಂಜೆಯಾಗುತ್ತದೆ ಎಂದು ತಳಿವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1922ರಲ್ಲೇ ಗುರುತಿಸಿದ್ದರು. ಬೆಕ್ಕುಗಳಲ್ಲಿ ಆ ನಿಯಮ ಅಚ್ಚುಕಟ್ಟಾಗಿ ಕಾಣುತ್ತದೆ. ದಕ್ಷಿಣ ಅಮೆರಿಕದ ಜೆಫ್ರಾಯ್ ಬೆಕ್ಕಿಗೆ 36 ವರ್ಣತಂತುಗಳು. ಮನೆಯ ಬೆಕ್ಕಿನೊಂದಿಗೆ ಅದರ ಸಂಕರವೂ ಆಗಿದೆ, ಆ ಮರಿಗಳಿಗೆ 37 ಇರುತ್ತವೆ.

ಲಿಂಕ್ಸ್ ಜಾತಿಯ ಬಾಬ್‌ಕ್ಯಾಟ್‌ನೊಂದಿಗೆ ಸಂಕರವಾಗಿದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಡಿಎನ್‌ಎ ಪರೀಕ್ಷೆಯಲ್ಲಿ ಅದು ದೃಢಪಟ್ಟಿಲ್ಲ.

ಮತ್ತೊಬ್ಬ ಸದಸ್ಯೆಯ ಪ್ರಶ್ನೆ: ಡಾಕ್ಟರೇ, ಸರ್ವಲ್ ಎಂಬ ಆಫ್ರಿಕಾದ ಬೆಕ್ಕಿನಿಂದ ಬಂದ ಸವಾನಾ ತಳಿಯ ಮೊದಲ ಪೀಳಿಗೆಯ ಮರಿಯೊಂದನ್ನು ಕೊಳ್ಳಬೇಕೆಂದು ನನ್ನ ಮಗ ಹಟ ಹಿಡಿದಿದ್ದಾನೆ. ನಿಮ್ಮ ಸಲಹೆ ಏನು?

ಉತ್ತರ: ಕೊಳ್ಳಬೇಡಿ ಎಂಬುದೇ ನನ್ನ ಸಲಹೆ ತಾಯಿ, ಮತ್ತು ಇದನ್ನು ಒತ್ತಿ ಹೇಳುತ್ತೇನೆ.

ಮೊದಲ ಸವಾನಾ ಮರಿ ಹುಟ್ಟಿದ್ದು 1986ರಲ್ಲಿ. ಸರ್ವಲ್ ಹತ್ತು ಹದಿನೈದು ಕಿಲೋ ತೂಗಬಲ್ಲ ಪ್ರಾಣಿ. ಮನೆಯ ಹೆಣ್ಣುಬೆಕ್ಕು ನಾಲ್ಕು ಕಿಲೋ ಇದ್ದರೆ ಹೆಚ್ಚು. ಸರ್ವಲ್‌ನ ಗರ್ಭಾವಧಿ ಸುಮಾರು 74 ದಿನ, ಮನೆಯ ಬೆಕ್ಕಿನದು 63ರಿಂದ 65 ದಿನ. ಈ ಅಂತರದಿಂದಾಗಿ ಬಸಿರು ನಿಲ್ಲದಿರುವುದು, ದಿನ ತುಂಬುವ ಮೊದಲೇ ಮರಿ ಹುಟ್ಟುವುದು, ಹುಟ್ಟಿದವನ್ನು ಬಾಟಲಿ ಹಾಲಿನಲ್ಲಿ ಉಳಿಸಿಕೊಳ್ಳಬೇಕಾಗುವುದು ಇವೆಲ್ಲ ಈ ಸಾಕಾಣಿಕೆಯ ಭಾಗವೇ ಆಗಿವೆ. ಒಂದು ಮರಿ ಮಾರಾಟಕ್ಕೆ ಬರುವುದರ ಹಿಂದೆ ಹೆಣ್ಣುಬೆಕ್ಕುಗಳು ಪಟ್ಟ ಪಾಡನ್ನು ಕೊಳ್ಳುವವರು ಕಾಣುವುದೇ ಇಲ್ಲ.

ಬೆಳೆದ ಮೇಲಿನ ಕಷ್ಟವೂ ಸಣ್ಣದಲ್ಲ. ಮೊದಲ ಪೀಳಿಗೆಯ ಪ್ರಾಣಿ ಸಾಮಾನ್ಯವಾಗಿ ಅಪರಿಚಿತರಿಗೆ ಅಂಜುತ್ತದೆ, ಬಾಗಿಲು ಗೋಡೆಗಳಿಗೆ ಮೂತ್ರ ಸಿಂಪಡಿಸಿ ಗಡಿ ಗುರುತಿಸುತ್ತದೆ, ಚಿಕಿತ್ಸೆಗೆಂದು ಹಿಡಿದರೆ ಬೆದರಿ ಪರಚುತ್ತದೆ. ಅದರ ಸ್ವಭಾವದಲ್ಲಿ ಕೆಡುಕಿಲ್ಲ. ಅದರ ಅರ್ಧ ರಕ್ತ ಬಯಲಿನಲ್ಲಿ ಒಂಟಿಯಾಗಿ ಬೇಟೆಯಾಡುವ ಪ್ರಾಣಿಯದು, ಮನೆಯ ನಾಲ್ಕು ಗೋಡೆ ಅದಕ್ಕೆ ಒಗ್ಗುವುದಿಲ್ಲ. ಆಸ್ಟ್ರೇಲಿಯವು ತನ್ನ ಸಣ್ಣ ವನ್ಯಪ್ರಾಣಿಗಳಿಗೆ ಅಪಾಯವೆಂದು 2008ರಲ್ಲಿ ಸವಾನಾ ಬೆಕ್ಕುಗಳ ಆಮದನ್ನೇ ನಿಷೇಧಿಸಿತು. ಮಗನಿಗೆ ಚುಕ್ಕೆಯ ಬೆಕ್ಕೇ ಬೇಕೆಂದಿದ್ದರೆ, ಮೊದಲ ಪ್ರಶ್ನೆ ಕೇಳಿದವರ ಮನೆಯ ಮರಿಗಳಂತಹವು ಆಶ್ರಯಧಾಮಗಳಲ್ಲಿ ಸಿಗುತ್ತವೆ.

ಮೊದಲ ಸದಸ್ಯರ ಮರುಪ್ರಶ್ನೆ: ವಿವರವಾದ ಉತ್ತರಕ್ಕೆ ಧನ್ಯವಾದಗಳು ಡಾಕ್ಟರೇ. ಒಂದು ಸಂಶಯ ಉಳಿಯಿತು. ಕಾಡಿನ ಬೆಕ್ಕುಗಳ ಸಂಖ್ಯೆ ಕಡಿಮೆಯಾಗುತ್ತಿದೆ ಎನ್ನುತ್ತಾರೆ. ಹಾಗಿದ್ದಲ್ಲಿ ಮನೆಯ ಬೆಕ್ಕಿನೊಂದಿಗೆ ಕೂಡಿ ಅವುಗಳ ಸಂತತಿ ಹೆಚ್ಚಿದರೆ ಒಳ್ಳೆಯದೇ ಅಲ್ಲವೇ?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೃತಜ್ಞ, ಏಕೆಂದರೆ ನನ್ನನ್ನು ಹೆಚ್ಚು ಕಾಡುವ ವಿಷಯವೇ ಇದು. ಹೆಚ್ಚುವುದು ಕಾಡುಬೆಕ್ಕಿನ ಸಂತತಿಯಲ್ಲ, ಮನೆಯ ಬೆಕ್ಕಿನದು.

ಸ್ಕಾಟ್ಲೆಂಡಿನಲ್ಲಿ ನಡೆದದ್ದನ್ನು ನೋಡಿ. ಅಲ್ಲಿ ಯುರೋಪಿನ ಕಾಡುಬೆಕ್ಕೂ ಮನೆಯ ಬೆಕ್ಕೂ ಸುಮಾರು ಎರಡು ಸಾವಿರ ವರ್ಷ ಒಂದೇ ನೆಲದಲ್ಲಿದ್ದರೂ ತೀರಾ ವಿರಳವಾಗಿ ಕೂಡುತ್ತಿದ್ದವು. ಹಳೆಯ ಮೂಳೆಗಳ ಹಾಗೂ ಈಗಿನ ಬೆಕ್ಕುಗಳ ಡಿಎನ್‌ಎ ಹೋಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನಗಳ ಪ್ರಕಾರ, ಸಂಕರ ಭರದಿಂದ ನಡೆದದ್ದು ಕಳೆದ ಸುಮಾರು 70 ವರ್ಷಗಳಲ್ಲಿ ಮಾತ್ರ. ಕಾಡುಬೆಕ್ಕುಗಳ ಸಂಖ್ಯೆ ಕುಸಿದು, ಬೆದೆಗೆ ಬಂದ ಹೆಣ್ಣಿಗೆ ತನ್ನ ಜಾತಿಯ ಗಂಡು ಸಿಗದೆ ಊರಿನ ಗಂಡುಗಳೇ ಸುತ್ತಮುತ್ತ ತುಂಬಿಕೊಂಡಾಗ, ಎರಡು ಸಾವಿರ ವರ್ಷ ಉಳಿದಿದ್ದ ಗಡಿ ಅಳಿಸಿಹೋಯಿತು. ಹಾಲಿಗೆ ಪ್ರತಿದಿನ ನೀರು ಬೆರೆಸುತ್ತ ಹೋದಂತೆ, ಪ್ರತಿ ಪೀಳಿಗೆಯಲ್ಲೂ ಕಾಡಿನ ಅಂಶ ತೆಳುವಾಯಿತು. ಸ್ವಂತ ಬಲದಿಂದ ಉಳಿಯುವಷ್ಟು ಕಾಡುಬೆಕ್ಕುಗಳು ಅಲ್ಲಿನ ಕಾಡುಗಳಲ್ಲಿ ಇಲ್ಲವೆಂದು 2019ರಲ್ಲಿ ತಜ್ಞರು ತೀರ್ಮಾನಿಸಿದರು. ಆಯ್ದು ಸಾಕಿ ಬೆಳೆಸಿದ ಬೆಕ್ಕುಗಳನ್ನು ಕೇರ್ನ್‌ಗಾರ್ಮ್ಸ್ ಪ್ರದೇಶದ ಕಾಡಿಗೆ 2023ರಲ್ಲಿ ಬಿಟ್ಟು, ಅಳಿದದ್ದನ್ನು ಮತ್ತೆ ಕಟ್ಟುವ ಕೆಲಸ ಈಗ ನಡೆದಿದೆ.

ಅಲ್ಲಿ ಬೆಕ್ಕುಗಳನ್ನು ಗುರುತಿಸುವ ರೀತಿಯೇ ಸಮಸ್ಯೆಯ ಸ್ವರೂಪವನ್ನು ತೋರಿಸುತ್ತದೆ. ಶುದ್ಧ ಕಾಡುಬೆಕ್ಕಿನ ಬಾಲ ದಪ್ಪವಾಗಿದ್ದು, ತುದಿ ಮೊಂಡಾಗಿ ಕಪ್ಪಾಗಿರುತ್ತದೆ. ಬಾಲದ ಉಂಗುರಗಳು ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿರುತ್ತವೆ, ಬೆನ್ನಿನ ಕಪ್ಪು ಗೆರೆ ಬಾಲದ ಬುಡದಲ್ಲೇ ನಿಂತುಹೋಗುತ್ತದೆ. ಮಿಶ್ರ ರಕ್ತದ ಬೆಕ್ಕಿನಲ್ಲಿ ಆ ಗೆರೆ ಬಾಲದ ಮೇಲೂ ಹರಿದು ಉಂಗುರಗಳನ್ನು ಕೂಡಿಸುತ್ತದೆ, ಬಾಲದ ತುದಿ ಚೂಪಾಗುತ್ತದೆ. ಕೆಲವು ಪೀಳಿಗೆಗಳು ಕಳೆದ ಮೇಲೆ ಕಣ್ಣಿಗೆ ಕಾಡುಬೆಕ್ಕಿನಂತೆ ಕಾಣುವ ಪ್ರಾಣಿಯೂ ಡಿಎನ್‌ಎಯಲ್ಲಿ ಬಹುಪಾಲು ಮನೆಯ ಬೆಕ್ಕೇ ಆಗಿರುವುದುಂಟು.

ಇದರ ಜೊತೆಗೆ ರೋಗಗಳ ವಿಷಯವಿದೆ. ಬೆಕ್ಕುಗಳ ಲ್ಯುಕೇಮಿಯಾ ವೈರಸ್, ಲಸಿಕೆಯಿಲ್ಲದ ಮರಿಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲುವ ಪ್ಯಾನ್‌ಲ್ಯುಕೋಪೀನಿಯಾ, ಇವೆಲ್ಲ ಕಾಡಿನ ಬೆಕ್ಕುಗಳಿಗೂ ಅಂಟುತ್ತವೆ. ಕೂಡಿಕೆಯಿಂದ ಮರಿಯಾಗದಿದ್ದರೂ, ಒಂದು ಜಗಳದ ಕಚ್ಚುಗಾಯದಿಂದ ಸೋಂಕು ದಾಟಬಲ್ಲುದು.

ಮೊದಲ ಸದಸ್ಯರು: ಇದು ನಮಗೆ ತಿಳಿದಿರಲಿಲ್ಲ. ಈಗ ನಾವೇನು ಮಾಡಬೇಕು, ದಯವಿಟ್ಟು ತಿಳಿಸಿ.

ಉತ್ತರ: ತಾಯಿಬೆಕ್ಕನ್ನು ಮೊದಲು ಒಳಗೆ ಕೂಡಿಡಿ. ಹಾಲೂಡಿಸುತ್ತಿದ್ದರೆ ಬೆದೆಗೆ ಬರುವುದಿಲ್ಲ ಎಂಬ ನಂಬಿಕೆ ತಪ್ಪು. ಮರಿ ಹಾಕಿದ ಕೆಲವೇ ವಾರಗಳಲ್ಲಿ ಅದು ಮತ್ತೆ ಬಸಿರಾಗಬಹುದು. ಮರಿಗಳು ಸುಮಾರು ಎಂಟು ವಾರಕ್ಕೆ ಹಾಲು ಬಿಟ್ಟ ಮೇಲೆ ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಮರಿಗಳಿಗೆ ಆರರಿಂದ ಎಂಟು ವಾರದೊಳಗೆ ಲಸಿಕೆ ಆರಂಭಿಸಿ, ಮತ್ತು ನಾಲ್ಕೈದು ತಿಂಗಳಾಗುತ್ತಿದ್ದಂತೆ ಅವಕ್ಕೂ ಶಸ್ತ್ರಚಿಕಿತ್ಸೆ ಮಾಡಿಸಿ. ಕೆಲವು ಹೆಣ್ಣುಮರಿಗಳು ನಾಲ್ಕನೇ ತಿಂಗಳಲ್ಲೇ ಬೆದೆಗೆ ಬರುವುದರಿಂದ ತಡಮಾಡಬೇಡಿ. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಟ್ಟಿದ್ದಾಗಲೇ ಚುಕ್ಕೆಯ ಮರಿಗಳ ರಕ್ತದ ಮಾದರಿ ತೆಗೆಯಲು ನಿಮ್ಮ ವೈದ್ಯರನ್ನು ಕೇಳಿಕೊಂಡರೆ ಡಿಎನ್‌ಎ ಪರೀಕ್ಷೆಗೆ ಬೇರೆಯಾಗಿ ಹಿಡಿಯಬೇಕಾಗದು. ಫಲಿತಾಂಶದಲ್ಲಿ ಕಾಡುಬೆಕ್ಕಿನ ಅಂಶ ಕಂಡುಬಂದರೆ ಆ ಮರಿಗಳನ್ನು ಕಾಡಿಗೆ ಮಾತ್ರ ಬಿಡಬೇಡಿ. ಅರಣ್ಯ ಇಲಾಖೆಗೆ ತಿಳಿಸಿ, ಅವರು ಹೇಳುವವರೆಗೆ ಮನೆಯೊಳಗೇ ಇರಲಿ.